ಆಚೆ ದಡದ ಹನ್ನೊಂದು ಜನ

ಕಮರಿಯ ಎರಡು ದಡಗಳ ನಡುವೆ ದೂರವೇನೂ ಹೆಚ್ಚಿರಲಿಲ್ಲ. ಆಚೆ ಅಂಗಳದಲ್ಲಿ ಯಾರು ಕಸ ಗುಡಿಸುತ್ತಿದ್ದಾರೆಂದು ಈಚೆಯಿಂದಲೇ ಹೇಳಬಹುದಿತ್ತು. ಆದರೆ ನಡುವೆ ಬಂಡೆ ಗೋಡೆಯಂತೆ ಇಳಿದು, ನದಿ ಎಲ್ಲೋ ಪಾತಾಳದಲ್ಲಿ ಮೊರೆಯುತ್ತಿತ್ತು. ಈಚೆ ದಡದಲ್ಲಿ ನೂರನಲವತ್ತು ಜನ, ಒಂದು ಶಾಲೆ, ಬಸ್ಸು ಬರುವ ರಸ್ತೆ. ಆಚೆ ಮೂರು ಮನೆ, ಹನ್ನೊಂದು ಜನ, ಇಳಿಜಾರಿಗೆ ಅಂಟಿಕೊಂಡ ನಾಲ್ಕು ಹೊಲ. ಎರಡನ್ನೂ ಕೂಡಿಸಿದ್ದು ಒಂದು ತಂತಿ ಹಗ್ಗ, ಅದರ ರಾಟೆಯಿಂದ ತೂಗುವ ಕಬ್ಬಿಣದ ತೊಟ್ಟಿಲು. ಇಪ್ಪತ್ತಾರು ವರ್ಷಗಳಿಂದ ಅದನ್ನು ಎಳೆಯುತ್ತಿದ್ದವನನ್ನು ಎಲ್ಲರೂ ತೊಟ್ಟಿಲಣ್ಣ ಎನ್ನುತ್ತಿದ್ದರು. ಮದುವೆಯಾದ ತನ್ನ ಅಕ್ಕನನ್ನು ಆಚೆ ದಡಕ್ಕೆ ದಾಟಿಸಿದವನೂ ಅವನೇ.

ಹೋದ ತಿಂಗಳು ಎಂಜಿನಿಯರು ಬಂದು ಹಗ್ಗ ಮುಟ್ಟಿ ನೋಡಿ, "ಎಳೆ ಬಿಟ್ಟಿದೆ, ಇನ್ನು ಜನ ಕೂರೋ ಹಾಗಿಲ್ಲ" ಎಂದು ರಾಟೆಗೆ ಬೀಗ ಜಡಿದಿದ್ದರು. ಹೊಸ ಹಗ್ಗ ಯಾವಾಗ ಎಂದು ಕೇಳಿದರೆ, "ಆಚೆ ಎಷ್ಟು ಜನ ಇದ್ದಾರೋ, ಗಣತಿ ಮುಗೀಲಿ" ಎಂದಿದ್ದರು.

ಗಣತಿಗೆ ಬಂದವರು ಶಾಲೆಯ ಟೀಚರು. ಕಮರಿಯ ಅಂಚಿಗೆ ಬಂದು ಕೆಳಗೆ ನೋಡಿದವರೇ ಎರಡು ಹೆಜ್ಜೆ ಹಿಂದೆ ಸರಿದರು.

"ದಾಟೋದು ಹೇಗಣ್ಣ?"

"ದಾಟೋ ಹಾಗಿಲ್ಲ ಮೇಡಂ. ಕೆಳಗಿನ ಸೇತುವೆ ಸುತ್ತಿ ಹೋದ್ರೆ ಎರಡು ದಿನ. ನೀವು ಕೇಳಿ, ನಾನು ಕೂಗ್ತೀನಿ. ಗಂಟಲಿಗಿನ್ನೂ ಬೀಗ ಹಾಕಿಲ್ಲ."

ಆಚೆಯವರು ಒಬ್ಬೊಬ್ಬರಾಗಿ ಅಂಚಿಗೆ ಬಂದು ನಿಂತರು. ಇವನು ಪ್ರಶ್ನೆ ಕೂಗಿದ, ಅವರು ಉತ್ತರ ಕೂಗಿದರು, ಬಂಡೆಗಳು ಎಲ್ಲವನ್ನೂ ಮತ್ತೆ ಮತ್ತೆ ಕೂಗಿದವು.

"ಒಂದು ಮಗು ಅಂದ್ರೆ ಮೂರು ಸಲ ಕೇಳ್ಸುತ್ತೆ ಮೇಡಂ. ಹಾಗೇ ಬರ್ಕೊಳ್ಳಿ, ಹಗ್ಗ ಬೇಗ ಬಂದೀತು."

ಟೀಚರು ನಕ್ಕರು. ಹತ್ತು ಜನರ ವಿವರ ಮುಗಿಯಿತು. ಹನ್ನೊಂದನೆಯವಳು, ಅಕ್ಕ, ಕಾಣಲಿಲ್ಲ.

"ಭಾವಾ, ಅಕ್ಕ ಎಲ್ಲಿ?"

"ಮಲಗಿದ್ದಾಳೆ! ಜ್ವರ! ಐದು ದಿನ ಆಯ್ತು! ನೀರೂ ಇಳೀತಿಲ್ಲ!"

ಟೀಚರ ಪೆನ್ನು ನಿಂತಿತು. "ಬರ್ಕೊಳ್ಳಿ ಮೇಡಂ, ನಲವತ್ತೇಳು ವರ್ಷ" ಎಂದು ತೊಟ್ಟಿಲಣ್ಣ ಮೆಲ್ಲಗೆ ಹೇಳಿದ. "ನನಗಿಂತ ಎರಡು ವರ್ಷ ದೊಡ್ಡೋಳು."

ಎಂಜಿನಿಯರ ಕಚೇರಿಗೆ ಫೋನು ಮಾಡಿದರೆ, ಬೀಗ ತೆಗೆಯಲು ಮೇಲಿನವರಿಗೆ ಬರೆಯಬೇಕು ಎಂದರು. ಟೀಚರು ಆ ದಿನವೇ ಬಸ್ಸು ಹಿಡಿದು ಆಸ್ಪತ್ರೆಗೆ ಹೋಗಿ, ಮರುದಿನ ಬೆಳಿಗ್ಗೆ ಮಾತ್ರೆಗಳನ್ನು ತಂದರು. ತೊಟ್ಟಿಲಣ್ಣ ಕಲ್ಲಿನಿಂದ ಬೀಗ ಒಡೆದ. ಟೀಚರು ಬೇರೆ ಕಡೆ ನೋಡುತ್ತಾ ನಿಂತರು. ಆದರೆ ಅವನು ತೊಟ್ಟಿಲಿಗೆ ಕಾಲಿಟ್ಟಾಗ ತೋಳು ಹಿಡಿದು ಜಗ್ಗಿದರು.

"ಬೇಡ ಅಣ್ಣ, ಕೈ ಮುಗೀತೀನಿ. ಗಂಟು ಮಾತ್ರ ಕಳಿಸಿ."

ಮಾತ್ರೆಯ ಗಂಟು ಹೊತ್ತ ತೊಟ್ಟಿಲು ಅರ್ಧ ದಾರಿ ಸಲೀಸಾಗಿ ಹೋಯಿತು. ಅಲ್ಲಿ ಬಿಚ್ಚಿದ ತಂತಿಯ ಎಳೆ ರಾಟೆಗೆ ಸುತ್ತಿಕೊಂಡು ತೊಟ್ಟಿಲು ನಿಂತೇಬಿಟ್ಟಿತು. ಇವನು ಈಚೆಯಿಂದ ಎಳೆದ, ಭಾವ ಆಚೆಯಿಂದ ಎಳೆದ. ಇಬ್ಬರ ಅಂಗೈಯೂ ಸುಲಿದು ಹೋಯಿತು. ಎಂಜಿನಿಯರು ಸುಳ್ಳು ಹೇಳಿರಲಿಲ್ಲ. ಮಧ್ಯಾಹ್ನವಾದರೂ ಗಂಟು ನಡು ಗಾಳಿಯಲ್ಲಿ, ಎರಡೂ ದಡದವರ ಕಣ್ಣೆದುರೇ ತೂಗುತ್ತಿತ್ತು.

ಕೊನೆಗೆ ಅಕ್ಕನನ್ನು ಮಂಚದ ಸಮೇತ ಎತ್ತಿ ತಂದು ಅಂಚಿನಲ್ಲಿಟ್ಟರು. ಅವಳು ಕೈ ಎತ್ತಿದಳೋ, ಯಾರೋ ಅವಳ ಕೈ ಎತ್ತಿದರೋ ತಿಳಿಯಲಿಲ್ಲ.

"ಅಕ್ಕಾ, ಸುತ್ತಿ ಬರ್ತೀನಿ! ಎರಡೇ ದಿನ! ತಡ್ಕೋ!"

ದಾರಿಯಲ್ಲಿ ಆಸ್ಪತ್ರೆಗೆ ಹೋಗಿ ಇನ್ನೊಂದು ಗಂಟು ಮಾತ್ರೆ ಪಡೆದು, ಸೇತುವೆ ದಾಟಿ, ಬಂಡೆಯ ಮೇಲಿನ ಕಾಲುದಾರಿ ಹಿಡಿದ. ಎರಡನೆಯ ದಿನ ಸಂಜೆ ಮನೆ ಕಾಣುವ ತಿರುವಿನಲ್ಲಿ ಭಾವ ಎದುರಾದ. ಅವಸರವೇ ಇಲ್ಲದವನ ಹಾಗೆ ನಡೆದು ಬರುತ್ತಿದ್ದ. ಅಷ್ಟರಲ್ಲೇ ಇವನಿಗೆ ಎಲ್ಲ ತಿಳಿಯಿತು.

"ಬೆಳಿಗ್ಗೆ ಹೋದಳು ಕಣೋ."

ತೊಟ್ಟಿಲಣ್ಣ ಮಾತ್ರೆಯ ಗಂಟನ್ನು ಕೆಳಗಿಟ್ಟ. ಆಮೇಲೆ ಕೇಳಿದ: "ಏನಾದ್ರೂ ಅಂದಳಾ?"

"ನೀನು ಏನು ಕೂಗ್ದೆ ಅಂತ ಕೇಳಿದ್ಲು. ನನಗೂ ಸರಿಯಾಗಿ ಕೇಳಿಸಿರ್ಲಿಲ್ಲ. ಬರ್ತಾನಂತೆ ಅಂದೆ."

ಹಿಂದಿರುಗಿದ ಮೇಲೆ ಟೀಚರನ್ನು ಕೇಳಿದ: "ಹತ್ತು ಅಂತ ತಿದ್ದಬೇಕಾ ಮೇಡಂ?" ಗಣತಿಯ ದಿನ ಬದುಕಿದ್ದವರೆಲ್ಲ ಲೆಕ್ಕದಲ್ಲಿರುತ್ತಾರೆ ಎಂದು ಟೀಚರು ಅವನ ಮುಖ ನೋಡದೆ ಹೇಳಿದರು. ಹನ್ನೊಂದು ಹನ್ನೊಂದಾಗಿಯೇ ಉಳಿಯಿತು. ಅದರಿಂದ ಉಪಯೋಗವೇನೂ ಆಗಲಿಲ್ಲ. ಇಪ್ಪತ್ತೈದಕ್ಕಿಂತ ಕಡಿಮೆ ಜನರಿರುವ ದಡಕ್ಕೆ ಹೊಸ ಹಗ್ಗ ಮಂಜೂರಾಗುವುದಿಲ್ಲವೆಂದು ಎರಡು ತಿಂಗಳಾದ ಮೇಲೆ ಕಾಗದ ಬಂತು.

ಬಸ್ಸಿನವನು ಕಾಗದ ಕೊಡುವುದನ್ನು ಭಾವ ಆಚೆಯಿಂದ ನೋಡಿದ್ದ. ಅಂಚಿಗೆ ಬಂದು ಕೂಗಿದ: "ಏನಂತೋ?"

ತೊಟ್ಟಿಲಣ್ಣ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ.

"ನೋಡ್ತಾರಂತೆ ಭಾವಾ" ಎಂದು ಕೂಗಿದ. "ನೋಡ್ತಾರಂತೆ!"