ಕಷ್ಟವೇನಿಲ್ಲ ಅಂದವಳು

"ಗಂಡನ ಮೈ ತೊಳೆದದ್ದಕ್ಕೂ ಕೂಲಿ ಕೇಳೋ ಹೆಂಡತೀನ ಇದೇ ಮೊದಲು ನೋಡ್ತಾ ಇರೋದು, ಮೇಡಂ."

ಗಂಡನ ಪರ ವಕೀಲ ಹಾರ್ಗ್ರೀವ್ ತನ್ನ ಕಚೇರಿಯ ಮೇಜಿನಾಚೆಯಿಂದ ನಗುತ್ತಲೇ ಅಂದ. ಅವನ ಪಕ್ಕದ ಗಾಲಿಕುರ್ಚಿಯಲ್ಲಿ ಆ ಗಂಡ, ಇಯೋಸೆಫೊ, ತಲೆ ತಗ್ಗಿಸಿ ಕುಳಿತಿದ್ದ. ಅವನಾಚೆ ಅವನ ಅಣ್ಣ ಸಮಸೋನಿ, ಚರ್ಚಿಗೆ ಹೋಗುವ ಬಿಳಿ ಅಂಗಿಯಲ್ಲಿ, ಎರಡು ಕುರ್ಚಿಯಷ್ಟು ಜಾಗ ಹಿಡಿದು.

ಮೇಜಿನ ಈಚೆ ಪೆನಿನಾ. ಕಸಾಯಿಖಾನೆಯ ಪಾಳಿ ಮುಗಿಸಿ ನೇರ ಬಂದಿದ್ದಳು. ಎಷ್ಟು ತಿಕ್ಕಿದರೂ ಕೈಯಿಂದ ದನದ ಕೊಬ್ಬಿನ ವಾಸನೆ ಹೋಗಿರಲಿಲ್ಲ. ಪಕ್ಕದಲ್ಲಿ ಸರ್ಕಾರ ಬಿಟ್ಟಿ ಕೊಟ್ಟ ವಕೀಲೆ ಬ್ರಿಜೆಟ್. ಇನ್ನೂ ಎಳೆಯ ಹುಡುಗಿ, ಹಾರ್ಗ್ರೀವ್ ಬಾಯಿ ತೆರೆದಾಗಲೆಲ್ಲ ಕೆಂಪಾಗುತ್ತಿದ್ದಳು.

"ಕೂಲಿ ಅಲ್ಲ ಸಾರ್. ಪಾಲು," ಎಂದಳು ಪೆನಿನಾ.

"ಯಾವುದರಲ್ಲಿ ಪಾಲು? ಮುರಿದದ್ದು ಇವರ ಕುತ್ತಿಗೆ. ನೋವು ಇವರದು, ಪರಿಹಾರವೂ ಇವರದೇ. ನಿಮ್ಮದೇನು ಮುರಿದಿದೆ?"

"ಬೆನ್ನು. ಇವ್ರನ್ನ ಎತ್ತೀ ಎತ್ತೀ."

"ಎತ್ತಿ ಅಂತ ಯಾರು ಹೇಳಿದ್ರು?"

ಗಂಡ ಹೆಂಡತಿ ಇಬ್ಬರೂ ಸಮೋವಾ ದ್ವೀಪದಿಂದ ಆಸ್ಟ್ರೇಲಿಯಾಕ್ಕೆ ಬಂದು ಒಂದೇ ಕಸಾಯಿಖಾನೆಯಲ್ಲಿ ದುಡಿದವರು. ಚರ್ಮ ಎಳೆಯುವ ಯಂತ್ರದ ಸರಪಳಿ ಕಿತ್ತು ಬಂದು ಇಯೋಸೆಫೊನ ಕುತ್ತಿಗೆಗೆ ಬಡಿದ ದಿನ ಅವಳು ಗೋಡೆಯಾಚೆ ಮೂಳೆ ಬಿಡಿಸುತ್ತಿದ್ದಳು. ಕಾಲು ಸತ್ತವು, ಬೆರಳು ಕೊಕ್ಕೆಯಂತೆ ಮಡಚಿಕೊಂಡವು. ಅಂದಿನಿಂದ ಪರಿಹಾರ ಬರುವವರೆಗೆ ಅವನನ್ನು ಹೊರಳಿಸಿದ್ದು, ಉಣಿಸಿದ್ದು, ಹೇಲು ಬಳಿದದ್ದು ಎಲ್ಲ ಅವಳೇ. ಪರಿಹಾರ ಬಂದ ವಾರವೇ ಸಮಸೋನಿ ಸಿಡ್ನಿಯಿಂದ ವ್ಯಾನು ತಂದ. "ನಮ್ಮ ರಕ್ತ, ನಾವ್ ನೋಡ್ಕತೀವಿ" ಎಂದು ತಮ್ಮನನ್ನು ಹೇರಿಕೊಂಡು ಹೋದ. ಪರಿಹಾರದ ದುಡ್ಡಿನಲ್ಲಿ ಸಮೋವಾದ ಊರಿನ ಮನೆತನದ ಜಾಗದಲ್ಲಿ ಸುಣ್ಣ ಬಳಿದ ಮನೆ ಎದ್ದಿತು. ಆಮೇಲೆ ವಿಚ್ಛೇದನದ ಕಾಗದ ಬಂತು.

ಇತ್ತ ಪೆನಿನಾಳ ಬೆನ್ನು ಚೂರಿ ಹಿಡಿದು ನಿಲ್ಲಲು ಬಿಡಲಿಲ್ಲ. ಈಗ ಅಲ್ಲೇ ಮಾಂಸದ ಪೆಟ್ಟಿಗೆ ಕಟ್ಟುವ ಕೆಲಸ, ಕರೆದ ದಿನ ಮಾತ್ರ. ಬಾಡಿಗೆ ಮನೆ ಖಾಲಿ ಮಾಡಲು ಮಾಲೀಕ ಗಡುವು ಕೊಟ್ಟಿದ್ದ. ಈ ಪಾಲು ಸಿಕ್ಕರೆ ಮಕ್ಕಳಿಗೆ ಸೂರು, ಇಲ್ಲದಿದ್ದರೆ ಕಾರೇ ಮನೆ.

ಬ್ರಿಜೆಟ್ ಗಂಟಲು ಸರಿಮಾಡಿಕೊಂಡಳು. "ಪರಿಹಾರದಲ್ಲಿ ಆರೈಕೆಗೆ ಅಂತಲೂ ಒಂದು ಭಾಗ ಇದೆ. ಆ ಆರೈಕೆ ಮಾಡಿದವರು ಇವರು."

"ಆರೈಕೆಯಾ?" ಹಾರ್ಗ್ರೀವ್ ಹಾಳೆಯೊಂದನ್ನು ಎಳೆದುಕೊಂಡ. "ವಿಮೆಯವರು ಮನೆಗೆ ಬಂದು ನೋಡಿದ್ದಾರೆ. ಕೇಳಿ. 'ಮನೆ ಬಲು ಚೊಕ್ಕಟ. ಪತಿ ತಮ್ಮ ಕೆಲಸವನ್ನು ಬಹುಪಾಲು ತಾವೇ ಮಾಡಿಕೊಳ್ಳುತ್ತಾರೆ. ತನಗೆ ಕಷ್ಟವೇನಿಲ್ಲ ಎಂದು ಪತ್ನಿ ಹೇಳಿದರು.' ನಿಮ್ಮದೇ ಬಾಯಿ, ಮೇಡಂ."

ಆ ವಿಮೆಯ ಹೆಂಗಸು ಬರುತ್ತಾಳೆಂದು ಪೆನಿನಾ ಪಕ್ಕದ ಮನೆಯಿಂದ ನಯವಾದ ಚಾಪೆ ಕಡ ತಂದು ಹಾಸಿದ್ದಳು. ಮಲದ ಬಕೆಟ್ಟು ಹಿತ್ತಲಿಗೆ ಹೋಗಿತ್ತು. ಗಂಡನಿಗೆ ಹೂವಿನ ಅಂಗಿ ತೊಡಿಸಿ, ದಿಂಬು ಕೊಟ್ಟು ಕೂರಿಸಿ, ತೆಂಗಿನ ಹಾಲಿನಲ್ಲಿ ಕೆಸುವಿನೆಲೆ ಬೇಯಿಸಿ ಬಡಿಸಿದ್ದಳು. ಬಂದವರು ಉಣ್ಣುತ್ತಿರುವಾಗ ಮನೆಯ ಹೇಲುಚ್ಚೆಯ ಮಾತು ಯಾರು ಆಡುತ್ತಾರೆ? ಕಷ್ಟವಾ ಎಂದು ಕೇಳಿದಾಗ ಇಲ್ಲ ಎಂದಿದ್ದಳು. ಆವತ್ತು ಫೋನಿನಲ್ಲಿ ಸಮಸೋನಿಯೇ, "ಮನೆ ಮರ್ವಾದೆ ಉಳಿಸ್ದೆ ಕಣವ್ವ" ಎಂದು ಹೊಗಳಿದ್ದ.

"ಬಾವ, ನೀವೇ ಹೇಳಿ," ಎಂದಳು ಪೆನಿನಾ. "ಬಂದೋರ ಮುಂದೆ ಕಷ್ಟ ಅಂತ ಅನ್ನಕ್ಕಾಯ್ತದಾ? ಈ ಸಾರ್‌ಗೆ ನಮ್ ಪದ್ಧತಿ ಗೊತ್ತಿಲ್ಲ, ನಿಮಗ್ ಗೊತ್ತಿಲ್ವಾ?"

ಸಮಸೋನಿ ಉಗುರು ನೋಡಿಕೊಂಡ. "ಅಂದಿದ್ದು ನಿಜ ತಾನೇ? ದ್ಯಾವ್ರು ಕೇಳುಸ್ಕಂಡವ್ನೆ."

"ದ್ಯಾವ್ರಿಗೆ ಮೂಗೂ ಅದೆ ಬಾವ. ಇವ್ರು ಮಲಗಿದ್ದ ಕ್ವಾಣೆ ವಾಸ್ನೆನೂ ಕುಡುದವ್ನೆ."

"ಬಾಯಿ ಬಿಗಿಹಿಡಿ, ಮುಂಡೆ!"

ಬ್ರಿಜೆಟ್ ನೆಟ್ಟಗೆ ಕುಳಿತಳು. ಹಾರ್ಗ್ರೀವ್ ಕೈಯೆತ್ತಿ ಇಬ್ಬರನ್ನೂ ತಡೆದು, ಕಾಗದವನ್ನು ಪೆನ್ನಿನ ಸಮೇತ ಪೆನಿನಾಳ ಮುಂದೆ ಸರಿಸಿದ. "ಹಳೆ ಕಾರು, ಫ್ರಿಡ್ಜು ನಿಮಗೆ. ಪರಿಹಾರದ ಮಾತು ಇಲ್ಲಿಗೆ ಮುಗೀತು. ಸಹಿ ಮಾಡಿ, ಮನೆಗೆ ಹೋಗಿ."

"ಯಾವ ಮನೆಗೆ?"

ಆಗ ನಾತ ಬಂತು. ಪೆನಿನಾಳಿಗೆ ಎಲ್ಲರಿಗಿಂತ ಮೊದಲು ಗೊತ್ತಾಯಿತು. ಇಯೋಸೆಫೊನ ಕಾಲಿಗೆ ಕಟ್ಟಿದ ಉಚ್ಚೆಚೀಲ ಬೆಳಗಿನಿಂದ ಖಾಲಿಯಾಗಿಲ್ಲ. ಪ್ಯಾಂಟಿನೊಳಗೆ ಊದಿ ನಿಂತಿದೆ. ಹಣೆ ಬೆವರುತ್ತಿದೆ.

"ಪೆನಿನಾ, ಒಸಿ ನೋಡು ಅವನ್ನ," ಎಂದ ಸಮಸೋನಿ, ಮೂಗಿಗೆ ಕರವಸ್ತ್ರ ಹಿಡಿದು.

ಅವಳ ಮೈ ತಾನಾಗಿ ಎದ್ದಿತು. ಬೆನ್ನು ಹಿಡಿದು ಅರ್ಧಕ್ಕೇ ನಿಂತಳು.

"ಕುಂತ್ಕೊ," ಎಂದ ಇಯೋಸೆಫೊ. ಅವನು ಆವತ್ತು ಆಡಿದ ಮೊದಲ ಮಾತು. "ನೀನು ಕುಂತ್ಕೊ ಕಣೆ."

"ಲೇ, ಸುಮ್ಕಿರ್ಲಾ," ಎಂದ ಅಣ್ಣ.

"ನಿನ್ ಮನೇಲಿ ನನ್ ಕುಂಡೆ ಕೊಳ್ತೋಗದೆ ಕಣಣ್ಣ. ಒಂದ್ಸಲನಾರ ಬಂದು ನೋಡುದ್ಯಾ?"

ಹಾರ್ಗ್ರೀವ್ ಬಾಗಿಲ ಕಡೆ ನೋಡಿದ. "ಐದು ನಿಮಿಷ ಬಿಡುವು ತಗೊಳ್ಳೋಣ. ಯಾರನ್ನಾದರೂ ಕರೆಸ್ತೀನಿ..."

"ಯಾಕೆ ಸಾರ್? ಎಲ್ಲ ನಾನೇ ಮಾಡ್ಕತೀನಂತ ಈಗಿನ್ನೂ ಓದುದ್ರಲ್ಲ."

ಇಯೋಸೆಫೊ ಮುಂದಕ್ಕೆ ಬಾಗಿದ. ಮುಂಗೈಯಿಂದ ಪ್ಯಾಂಟು ಉಜ್ಜಿ ಉಜ್ಜಿ ಮೇಲೇರಿಸಿದ. ಮಡಚಿದ ಬೆರಳು ಚೀಲದ ಬಿರಡೆಯ ಮೇಲೆ ಜಾರಿತು, ಮತ್ತೆ ಜಾರಿತು. ಪೆನಿನಾ ತನ್ನ ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡಳು. ಬಿರಡೆ ತಿರುಗಿತು.

"ಏಯ್! ಏಯ್!" ಹಾರ್ಗ್ರೀವ್ ಕುರ್ಚಿ ಹಿಂದಕ್ಕೆ ತಳ್ಳಿದ.

ಬೂದು ಜಮಖಾನದ ಮೇಲೆ ಕಡುಹಳದಿ ಹರಿಯಿತು. ಸಮಸೋನಿಯ ಚಪ್ಪಲಿ ಸುತ್ತಿ, ಮೇಜಿನಡಿ ನುಗ್ಗಿ, ಹಾರ್ಗ್ರೀವ್‌ನ ಹೊಳಪು ಹಾಕಿದ ಬೂಟುಗಳ ಕಡೆಗೆ ನಡೆಯಿತು. ಚೀಲ ಇನ್ನೂ ಖಾಲಿಯಾಗಿರಲಿಲ್ಲ. ಇಯೋಸೆಫೊ ಬಾಗಿದವನು ತಾನಾಗಿ ಮೇಲೇಳಲಾರದೆ, ಮೊಣಕಾಲಿಗೆ ಗಲ್ಲ ಊರಿ ಹಾಗೇ ಇದ್ದ.

ಯಾರೂ ಅವನನ್ನು ಎತ್ತಲಿಲ್ಲ.