ಇಲ್ಲದ ಮಗಳ ಹಲ್ಲು

ಮದುವೆಯಾಗಿ ಒಂಬತ್ತು ತಿಂಗಳು, ಆ ನಗರಕ್ಕೆ ಬಂದು ಐದು ತಿಂಗಳಾಗುವ ಹೊತ್ತಿಗೆ ಗಂಡ ಹೆಂಡತಿಯ ನಡುವೆ ಮಾತು ನಿಂತುಹೋಗಿತ್ತು. ಜಗಳವೇನೂ ಆಗಿರಲಿಲ್ಲ. ಅವನು ಕ್ಷೌರದಂಗಡಿಯಲ್ಲಿ ಕೆಲಸಕ್ಕಿದ್ದ. ಬೆಳಗಿನಿಂದ ಸಂಜೆಯವರೆಗೆ ಕುರ್ಚಿಯಲ್ಲಿ ಕೂತವರ ಜೊತೆಗೆಲ್ಲ ಮಾತಾಡಬೇಕು, ಇಲ್ಲವಾದರೆ ಗಿರಾಕಿ ಮುಂದಿನ ಸಲ ಪಕ್ಕದ ಕುರ್ಚಿಗೆ ಹೋಗುತ್ತಾನೆ. ಹೀಗಾಗಿ ಮನೆಗೆ ಬರುವಷ್ಟರಲ್ಲಿ ಅವನ ಮಾತಿನ ಚೀಲ ಬರಿದಾಗಿರುತ್ತಿತ್ತು. ಅವಳು ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಒದ್ದೆ ಹಾಸಿಗೆವಸ್ತ್ರಗಳನ್ನು ಇಸ್ತ್ರಿ ಯಂತ್ರದ ಬಿಸಿ ಉರುಳೆಯೊಳಗೆ ಇಬ್ಬರು ಕೊಡುತ್ತಿದ್ದರು, ಆಚೆಯಿಂದ ಗರಿಗರಿಯಾಗಿ ಬಂದದ್ದನ್ನು ಇನ್ನಿಬ್ಬರು ಹಿಡಿದು ಮಡಚುತ್ತಿದ್ದರು. ಯಂತ್ರದ ಸದ್ದಿಗೆ ಎದುರಿಗಿದ್ದವಳ ತುಟಿ ಆಡುವುದು ಕಾಣುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಇಡೀ ದಿನ ಒಂದು ಮಾತನ್ನೂ ಆಡದೆ ಮನೆಗೆ ಬಂದರೆ ಅವಳಿಗೆ ಹೊಟ್ಟೆಯಲ್ಲಿ ಮಾತು ಗಂಟುಕಟ್ಟಿರುತ್ತಿತ್ತು.

ಅವಳು ಕೇಳುತ್ತಿದ್ದಳು, ಅವನು ಹೂಂ ಎನ್ನುತ್ತಿದ್ದ. ಅವಳು ಹೇಳುತ್ತಿದ್ದಳು, ಅವನು ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದ. ಎರಡನೇ ಮಹಡಿಯ ಒಂದೇ ಕೋಣೆ ಅದು. ಕಿಟಕಿ ತೆರೆದರೆ ಎದುರು ಕಟ್ಟಡದ ಗೋಡೆ, ಕೈಚಾಚಿದರೆ ಸಿಗುವಷ್ಟು ಹತ್ತಿರ. ರಜೆಯ ದಿನವೂ ಕೂಡಿಬರುತ್ತಿರಲಿಲ್ಲ. ಅವನ ಅಂಗಡಿಗೆ ಸೋಮವಾರ ರಜೆ, ಅವಳಿಗೆ ಗುರುವಾರ. ಊರಿನಿಂದ ಫೋನ್ ಮಾಡಿದಾಗಲೆಲ್ಲ ಅವಳ ಅಮ್ಮ, ಅಳಿಯಂದಿರು ಹೇಗಿದ್ದಾರೆ ಎಂದು ಕೇಳುತ್ತಿದ್ದರು. ಚೆನ್ನಾಗಿದ್ದಾರೆ ಎನ್ನುತ್ತಿದ್ದಳು. ಸುಳ್ಳೇನಲ್ಲ. ಅವನು ಚೆನ್ನಾಗಿಯೇ ಇದ್ದ, ಮಲಗಿದ್ದ ಅಷ್ಟೇ.

ಒಂದು ಗುರುವಾರ ಅವಳು ಪಾತ್ರೆ ತೊಳೆದಿಟ್ಟು, ಒಗೆದ ಸೀರೆ ಉಟ್ಟು, ಎರಡು ಬಸ್ಸು ಬದಲಿಸಿ ಗಂಡನ ಅಂಗಡಿಗೆ ಹೋದಳು. ಅದುವರೆಗೆ ಅದನ್ನು ನೋಡಿರಲಿಲ್ಲ. ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಇಕ್ಕಟ್ಟಿನ ಜಾಗ. ಎರಡು ಕುರ್ಚಿ, ಉದ್ದಕ್ಕೂ ಕನ್ನಡಿ, ಬಾಗಿಲ ಪಕ್ಕ ಕಾಯುವವರಿಗೆ ಒಂದು ಬೆಂಚು. ಅಂಗಡಿಯ ಮಾಲೀಕ ಒಳಗೆ ನೀರು ಕಾಯಿಸುತ್ತಿದ್ದ. ಅವಳ ಗಂಡ ಬಾಗಿಲಿಗೆ ಬೆನ್ನು ಮಾಡಿ ವಯಸ್ಸಾದ ಒಬ್ಬರ ಕತ್ತಿನ ಹಿಂದೆ ಕತ್ತರಿ ಆಡಿಸುತ್ತಿದ್ದ. ಅವಳು ಸದ್ದಿಲ್ಲದೆ ಬೆಂಚಿನ ಮೇಲೆ ಕೂತಳು.

ಕುರ್ಚಿಯಲ್ಲಿದ್ದವರು ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಪ್ರತಿ ಗುರುವಾರ ತಪ್ಪದೆ ಬರುವ ಗಿರಾಕಿ. ಅಂಗಡಿಯಲ್ಲಿ ಅವರಿಗೆ ಗಾರ್ಡ್ ಸಾಹೇಬರು ಎಂದೇ ಹೆಸರು.

"ಮಗಳ ಹಲ್ಲು ಬಂತೇನಪ್ಪಾ?" ಎಂದು ಅವರು ಕೇಳಿದರು.

"ಕೆಳಗಡೆ ಎರಡು ಬಂದಿದೆ ಸಾಹೇಬ್ರೇ," ಎಂದ ಅವಳ ಗಂಡ. "ಮೇಲಿಂದಕ್ಕೆ ಒಸಡು ಊದ್ಕೊಂಡಿದೆ. ರಾತ್ರಿಯೆಲ್ಲ ಒಂದೇ ಗೋಳು, ಇಬ್ರಿಗೂ ನಿದ್ದೆ ಇಲ್ಲ."

ಅಂಗಡಿಯಲ್ಲಿ ಇನ್ನಾರೋ ಇರಬೇಕೆಂದು ಅವಳು ಒಮ್ಮೆ ಸುತ್ತ ನೋಡಿದಳು. ಮಾತು ಮುಂದುವರಿಯಿತು. ಹೋದ ವಾರ ಜ್ವರ ಬಂದಾಗ ಗಾರ್ಡ್ ಸಾಹೇಬರ ಹೆಂಡತಿ ಹೇಳಿಕೊಟ್ಟಂತೆ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು, ಮಗು ಅದನ್ನು ಕಿತ್ತು ಎಸೆದದ್ದು, ಈಗ ಗೋಡೆ ಹಿಡಿದು ನಿಲ್ಲಲು ನೋಡುವುದು. ಐದು ತಿಂಗಳಲ್ಲಿ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಅಷ್ಟರಲ್ಲಿ ಅವನು ತಲೆಯೆತ್ತಿದ. ಕನ್ನಡಿಯಲ್ಲಿ ಅವಳನ್ನು ಕಂಡ. ಕತ್ತರಿ ನಿಂತಿತು.

ಒಳಗಿಂದ ಬಂದ ಮಾಲೀಕ ಅವಳು ಯಾರೆಂದು ಕೇಳಿದ. ಮನೆಯವಳು ಎಂದು ಗಂಡ ಬಾಯಲ್ಲೇ ಗೊಣಗಿದ. ಗಾರ್ಡ್ ಸಾಹೇಬರು ಕುರ್ಚಿಯಲ್ಲೇ ತಿರುಗಿ, ಕೊರಳಿಗೆ ಕಟ್ಟಿದ ಬಟ್ಟೆಯ ಸಮೇತ ಕೈಮುಗಿದರು. ಮಗುವನ್ನು ಯಾರ ಹತ್ತಿರ ಬಿಟ್ಟುಬಂದಿರಿ ಎಂದು ವಿಚಾರಿಸಿದರು.

"ಮಲಗಿದೆ," ಎಂದಳು ಅವಳು. "ಪಕ್ಕದ ಮನೆಯವ್ರು ನೋಡ್ಕೊತಿದಾರೆ."

ಆ ಮಾತು ಬಾಯಿಂದ ಹೇಗೆ ಹೊರಬಿತ್ತೋ ಅವಳಿಗೆ ಆಮೇಲೂ ತಿಳಿಯಲಿಲ್ಲ. ಪಕ್ಕದ ಮನೆಯವರ ಮುಖವನ್ನು ಅವಳು ಇನ್ನೂ ಸರಿಯಾಗಿ ನೋಡಿರಲಿಲ್ಲ.

ಆ ಸಂಜೆ ಅವನು ಬೇಗ ಬಂದ, ತೂಕಡಿಸಲಿಲ್ಲ. ಅವಳು ಬಡಿಸಿ ಎದುರಿಗೆ ಕೂತಳು. ಅವನೇ ಶುರು ಮಾಡಿದ. ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಗಿರಾಕಿ ಮಕ್ಕಳೆಷ್ಟು ಎಂದು ಕೇಳಿದನಂತೆ. ಇಲ್ಲ ಎಂದದ್ದೇ ತಪ್ಪಾಯಿತು, ಕ್ಷೌರ ಮುಗಿಯುವವರೆಗೂ ಆ ಮನುಷ್ಯ ಡಾಕ್ಟರು, ಔಷಧ, ಯಾವ ಕಡೆ ತಲೆಯಿಟ್ಟು ಮಲಗಬೇಕು ಎಂದು ಬುದ್ಧಿ ಹೇಳಿದ. ಎರಡನೆಯವನೂ ಹಾಗೆಯೇ. ಮೂರನೆಯವರು ಗಾರ್ಡ್ ಸಾಹೇಬರು. ಅವರ ಹತ್ತಿರ, ತನಗೆ ಒಬ್ಬಳು ಮಗಳಿದ್ದಾಳೆ ಎಂದುಬಿಟ್ಟ. ಅವರು ಖುಷಿಯಾಗಿ ತಮ್ಮ ಮೊಮ್ಮಕ್ಕಳ ಸುದ್ದಿ ಹೇಳಿದರು, ಇವನು ನೆಮ್ಮದಿಯಾಗಿ ಕೂದಲು ಕತ್ತರಿಸಿದ. ಆದರೆ ಅವರು ಪ್ರತಿ ವಾರ ಬರುವವರು. ಮಗಳು ಬೆಳೆಯಲೇಬೇಕಾಯಿತು.

ಎಷ್ಟು ತಿಂಗಳು ಎಂದು ಅವಳು ಕೇಳಿದಳು. ಹನ್ನೊಂದು ಎಂದ.

"ಮದುವೆಗಿಂತ ಮಗಳೇ ಎರಡು ತಿಂಗಳು ದೊಡ್ಡೋಳು," ಎಂದಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರು ಅಂತಾರೆ. ನೀವು ಕುಲಾವಿನೂ ಇಲ್ದೆ ಹಲ್ಲೇ ಬರಿಸಿಬಿಟ್ರಲ್ಲ."

ಅವನು ತಲೆ ತಗ್ಗಿಸಿಕೊಂಡೇ ನಕ್ಕ. ಅವಳು ನಗಲಿಲ್ಲ, ಆದರೆ ಸಿಟ್ಟೂ ಮಾಡಲಿಲ್ಲ. ತಾನೂ ಒಂದು ಸುಳ್ಳು ಸೇರಿಸಿ ಬಂದವಳು, ಯಾವ ಬಾಯಲ್ಲಿ ಬೈಯಬೇಕು? ಸ್ವಲ್ಪ ಹೊತ್ತಿನ ಮೇಲೆ, ಹನ್ನೊಂದು ತಿಂಗಳಿಗೆ ಎರಡೇ ಹಲ್ಲು ಎಂದರೆ ತಡವಾಯಿತು ಎಂದಳು. ಅಕ್ಕನ ಇಬ್ಬರು ಮಕ್ಕಳನ್ನು ಎತ್ತಿ ಆಡಿಸಿದವಳು ಅವಳು, ಅವನಿಗಿಂತ ಚೆನ್ನಾಗಿ ಬಲ್ಲಳು.

ಆಮೇಲಿನ ಮೂರು ವಾರ ಆ ಕೋಣೆಯಲ್ಲಿ ಮಾತು ಹುಟ್ಟಿಕೊಂಡಿತು. ಸಂಜೆ ಅವನು ಬಂದ ಕೂಡಲೇ, ಇವತ್ತು ಗಿರಾಕಿಗಳಿಗೆ ಮಗಳ ಬಗ್ಗೆ ಏನು ಹೇಳಿದಿರಿ ಎಂದು ಅವಳು ಕೇಳುವಳು. ಅವನು ಹೇಳಿದ್ದನ್ನು ತಿದ್ದುವಳು. ಅಷ್ಟು ಬೇಗ ಮಗು ಹಾಗೆ ಮಾಡುವುದಿಲ್ಲ, ಅನ್ನ ನುಂಗುವಾಗ ಹೀಗೆ ಮುಖ ಮಾಡುತ್ತದೆ ಎಂದು ತೋರಿಸುವಳು. ಅಲ್ಲಿಂದ ಮಾತು ಅಕ್ಕನ ಮಕ್ಕಳಿಗೆ, ಅವನಿಗೆ ಕೆಲಸ ಕಲಿಸಿದ ಸೋದರಮಾವನಿಗೆ, ಉರುಳೆಗೆ ಕೈ ಸುಟ್ಟುಕೊಂಡ ಅವಳ ಜೊತೆಗಾರ್ತಿಗೆ ಹರಿಯುತ್ತಿತ್ತು. ಹೀಗೆ ಮಾಡುವುದು ಸರಿಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಿಲ್ಲಿಸೋಣ ಎಂದು ಯಾರೂ ಹೇಳಲಿಲ್ಲ.

ನಾಲ್ಕನೆಯ ಗುರುವಾರ ಗಾರ್ಡ್ ಸಾಹೇಬರು ಆಟೋದಲ್ಲಿ ಒಂದು ಮರದ ಗಾಡಿ ಹೇರಿಕೊಂಡು ಬಂದರು. ಮಕ್ಕಳು ಹಿಡಿದು ನಡೆಯಲು ಕಲಿಯುವ ಮೂರು ಚಕ್ರದ ಗಾಡಿ. ಅವರ ಮನೆಯಲ್ಲಿ ಏಳು ಮಕ್ಕಳು ಅದನ್ನು ಹಿಡಿದು ನಡೆದಿದ್ದವು. ಹಿಡಿ ಸವೆದು ನುಣ್ಣಗಾಗಿತ್ತು. ಅದರ ಮೇಲೊಂದು ಚೀಲ, ಚೀಲದಲ್ಲಿ ಒಗೆದು ಮಡಚಿದ ಪುಟ್ಟ ಲಂಗಗಳು. ಒಂದಕ್ಕೆ ಹೋದ ಗುಂಡಿಯ ಜಾಗದಲ್ಲಿ ಬೇರೆ ಬಣ್ಣದ ಗುಂಡಿ ಹೊಲಿದಿತ್ತು. ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಗಾಡಿಯನ್ನು ಎರಡು ಬಸ್ಸಿನಲ್ಲಿ ಮನೆಗೆ ತಂದ. ಬಸ್ಸಿನಲ್ಲಿ ಜನ ಜಾಗ ಬಿಟ್ಟುಕೊಟ್ಟರು.

ಆ ಗಾಡಿ ಬಂದ ಮೇಲೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಲೆಯ ಹತ್ತಿರ ಹೋಗಬೇಕಾದರೂ ಅದನ್ನು ದಾಟಬೇಕು, ಚಾಪೆ ಹಾಸಬೇಕಾದರೂ ಸರಿಸಬೇಕು. ಅವನು ಸುಮ್ಮನಿರಲಾರದೆ ಚಕ್ರಗಳಿಗೆ ಎಣ್ಣೆ ಬಿಟ್ಟ. ಆ ವಾರ ಸಂಜೆಯ ಕಥೆ ನಿಂತುಹೋಯಿತು. ಶನಿವಾರ ಅವಳು ಲಂಗಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಮತ್ತೆ ಅದೇ ಮಡಿಕೆಯಲ್ಲಿ ಮಡಚಿಟ್ಟಳು.

"ಇದನ್ನ ವಾಪಸ್ ಕೊಡಬೇಕು ಕಣ್ರೀ," ಎಂದಳು. "ಮಾತಿನಲ್ಲಿದ್ದಾಗ ತಮಾಷೆಯಾಗಿತ್ತು. ಇದು ಬೇರೆ ಮಗೂಗೆ ಸೇರಬೇಕಾದ ಸಾಮಾನು."

ಮಗಳನ್ನು ಊರಿಗೆ ಕಳಿಸಿದೆ ಎಂದು ಹೇಳಿಬಿಡಲೇ ಎಂದು ಅವನು ಕೇಳಿದ. ಬೇಡ ಎಂದಳು. ಊರಿಗೆ ಹೋದವಳು ಒಂದು ದಿನ ತಿರುಗಿ ಬರಲೇಬೇಕಲ್ಲ.

ಅವಳು ಮೇಲ್ವಿಚಾರಕಿಯನ್ನು ಕಾಡಿ ಬೇಡಿ, ಒಂದು ಭಾನುವಾರ ಎರಡು ಪಾಳಿ ದುಡಿದು, ಸೋಮವಾರದ ರಜೆ ಪಡೆದಳು. ಈ ಊರಿಗೆ ಬಂದ ಮೇಲೆ ಇಬ್ಬರಿಗೂ ಒಟ್ಟಿಗೆ ಸಿಕ್ಕ ಮೊದಲ ರಜೆ ಅದು. ಗಾಡಿಯ ಒಂದು ಬದಿ ಅವನು, ಇನ್ನೊಂದು ಬದಿ ಅವಳು ಹಿಡಿದು ಗಾರ್ಡ್ ಸಾಹೇಬರ ಮನೆಗೆ ಹೋದರು.

ಮನೆ ಸಂತೆಯಂತಿತ್ತು. ಸೊಸೆಯರು, ಮೊಮ್ಮಕ್ಕಳು, ಬಾಗಿಲಲ್ಲಿ ಹನ್ನೆರಡು ಜೊತೆ ಚಪ್ಪಲಿ. ಮಗು ಎಲ್ಲಿ ಎಂದು ಎಲ್ಲರೂ ಅವಳ ಕಂಕುಳನ್ನೇ ನೋಡಿದರು. ಗಾರ್ಡ್ ಸಾಹೇಬರು ಬನಿಯನ್ನಿನ ಮೇಲೆ ಅಂಗಿ ಹಾಕಿಕೊಳ್ಳುತ್ತ ಹೊರಬಂದು, ಗಾಡಿ ಮುರಿಯಿತೇ ಎಂದು ಕೇಳಿದರು. ಅವನು ಬಾಯಿ ತೆರೆದ. ಅದು ಹಾಗಲ್ಲ ಸಾಹೇಬ್ರೇ ಎಂದು ಮೂರು ಸಲ ಹೇಳಿದ. ನಾಲ್ಕನೆಯ ಸಲಕ್ಕೆ ಅವಳು ತಡೆದಳು.

"ನಮಗೆ ಮಗು ಇಲ್ಲ ಅಪ್ಪಾಜಿ. ಇವರು ಹೇಳಿದ್ದು ಸುಳ್ಳು. ಅವತ್ತು ಅಂಗಡಿಯಲ್ಲಿ ನಾನು ಹೇಳಿದ್ದೂ ಸುಳ್ಳು."

ಗಾರ್ಡ್ ಸಾಹೇಬರು ಅವಳನ್ನೂ ಅವನನ್ನೂ ನೋಡಿದರು. ಅವರ ಮುಖ ಮೊದಲು ಕೆಂಪಗಾಯಿತು, ಆಮೇಲೆ ಬಿಳಿಚಿಕೊಂಡಿತು.

"ಜ್ವರ ಬಂದಿತ್ತು ಅಂದೆಯಲ್ಲಪ್ಪ," ಎಂದರು.

ಇಲ್ಲ ಎಂದು ಅವನು ತಲೆಯಾಡಿಸಿದ. ಅವರು ಅಂಗಿಯ ಉಳಿದ ಗುಂಡಿಗಳನ್ನು ಹಾಕಿಕೊಂಡು ಒಳಗೆ ಹೋದರು. ಬಾಗಿಲು ಹಾಕಿದ ಸದ್ದು ಕೇಳಿಸಿತು. ಮತ್ತೆ ಹೊರಗೆ ಬರಲಿಲ್ಲ.

ಅವರ ಹೆಂಡತಿ ಇಬ್ಬರನ್ನೂ ಕೂರಿಸಿ ನೀರು ಕೊಟ್ಟರು. ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗಿರಾಕಿಗಳ ಬುದ್ಧಿವಾದ, ಯಂತ್ರದ ಸದ್ದು, ಕೂಡಿಬರದ ರಜೆ, ಸಂಜೆಯ ಕಥೆ. ಆ ತಾಯಿ ನಡುನಡುವೆ ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ದೂಡಿ ನೋಡುತ್ತಿದ್ದರು. ಕಿರುಗುಟ್ಟುವುದು ನಿಂತಿದೆಯಲ್ಲ ಎಂದರು. ಕೊನೆಗೆ ಹೇಳಿದರು:

"ಅವ್ರು ಮೂವತ್ತಾರು ವರ್ಷ ರೈಲಿನ ಕೊನೇ ಡಬ್ಬಿಯಲ್ಲಿ ಕೂತೋರು ಕಣಮ್ಮ. ಬಾವುಟ ತೋರಿಸಿದ್ರೆ ಅದು ನಿಜ ಅಂತಲೇ ಅವ್ರ ಲೆಕ್ಕ. ಸ್ವಲ್ಪ ದಿನ ಹಿಡಿಯತ್ತೆ."

ಕ್ಷಮಿಸಿದೆ ಎಂದೂ ಹೇಳಲಿಲ್ಲ, ಇನ್ನು ಬರಬೇಡಿ ಎಂದೂ ಹೇಳಲಿಲ್ಲ. ಇಬ್ಬರೂ ಬೀದಿಗೆ ಇಳಿದಾಗ ಇನ್ನೂ ಹನ್ನೊಂದು ಗಂಟೆ. ಕೈ ಖಾಲಿ, ದಿನ ಖಾಲಿ. ಏನು ಮಾಡಬೇಕೆಂದು ತೋಚದೆ ನಡೆಯುತ್ತ ಹೋದರು. ಒಂದು ದೊಡ್ಡ ಸೇತುವೆ ಸಿಕ್ಕಿತು, ಅದರ ಮೇಲೆ ನಿಂತು ಕೆಳಗೆ ಹೋಗುವ ದೋಣಿಗಳನ್ನು ನೋಡಿದರು. ಅವನಿಗೆ ತುಂಬ ನಾಚಿಕೆಯಾಗಿತ್ತು, ಅದನ್ನು ಹೇಳಿಕೊಂಡ. ಅವಳು, ತನಗೂ ಆಗಿದೆ, ಆದರೆ ಕಾಲು ಹಗುರಾಗಿದೆ ಎಂದಳು.

ಮಂಗಳವಾರ ಅವನು ಮಾಲೀಕನಿಗೂ ಹೇಳಿದ. ಮಾಲೀಕ ಒಂದು ಗಂಟೆ ಮುಖ ಊದಿಸಿಕೊಂಡು, ಕ್ಷೌರಿಕನ ಕತ್ತರಿ ಮಾತ್ರ ಹರಿತವಾಗಿದ್ದರೆ ಸಾಕು, ನಾಲಿಗೆಯಲ್ಲ ಎಂದು ಬೈದ. ಗಾರ್ಡ್ ಸಾಹೇಬರು ಅಂಗಡಿಗೆ ಬರುವುದು ನಿಂತಿತು. ರಸ್ತೆಯಾಚೆಯ ಅಂಗಡಿಗೆ ಹೋಗುತ್ತಿದ್ದರು. ಗುರುವಾರ ಬೆಳಿಗ್ಗೆ ಈ ಕಡೆ ನೋಡದೆ ದಾಟಿಹೋಗುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ ಅವನು ಇಲ್ಲ ಎನ್ನುತ್ತಿದ್ದ, ಆಮೇಲೆ ಬರುವ ಬುದ್ಧಿಮಾತನ್ನೆಲ್ಲ ತಲೆಬಾಗಿ ಕೇಳಿಸಿಕೊಳ್ಳುತ್ತಿದ್ದ. ಸಂಜೆ ಅದನ್ನೇ ಮನೆಗೆ ತರುತ್ತಿದ್ದ. ಒಬ್ಬ ಮಂಚ ತಿರುಗಿಸು ಎಂದ, ಇನ್ನೊಬ್ಬ ಬಾದಾಮಿ ನೆನೆಸು ಎಂದ, ಮತ್ತೊಬ್ಬ ತನಗಿರುವ ನಾಲ್ವರಲ್ಲಿ ಇಬ್ಬರನ್ನು ಕೊಂಡುಹೋಗು ಎಂದ. ಮಂಚ ಎಲ್ಲಿದೆ ತಿರುಗಿಸುವುದಕ್ಕೆ ಎಂದು ಅವಳು ನಕ್ಕಳು. ಕೆಲವು ಸಂಜೆ ಅವನು ಮೊದಲಿನಂತೆ ತೂಕಡಿಸುತ್ತಿದ್ದ. ಅವಳು ಎಬ್ಬಿಸುತ್ತಿರಲಿಲ್ಲ. ಮೇಲ್ವಿಚಾರಕಿ ತಿಂಗಳಿಗೆ ಒಂದು ಸೋಮವಾರ ಬಿಟ್ಟುಕೊಡಲು ಒಪ್ಪಿದ್ದಳು.

ಹೀಗೆ ಏಳು ವಾರ ಕಳೆದು, ಎಂಟನೆಯ ಗುರುವಾರ ಗಾರ್ಡ್ ಸಾಹೇಬರು ಅಂಗಡಿಯೊಳಗೆ ಬಂದರು. ರಸ್ತೆಯಾಚೆಯ ಅಂಗಡಿಯಲ್ಲಿ ಕತ್ತರಿಸಿದ ಕೂದಲು ಎಡಗಡೆ ಬಲಕ್ಕಿಂತ ಒಂದು ಬೆರಳು ಮೇಲಿತ್ತು. ಯಾರ ಮುಖವನ್ನೂ ನೋಡದೆ ಅವನ ಕುರ್ಚಿಯಲ್ಲಿ ಕೂತು, "ಇದನ್ನ ಸರಿ ಮಾಡು," ಎಂದರು. ಅವನು ಬಟ್ಟೆ ಕಟ್ಟಿ ಕೆಲಸ ಶುರು ಮಾಡಿದ. ಅರ್ಧ ತಲೆ ಮುಗಿಯಿತು. ಮಾಲೀಕ ಪಕ್ಕದಲ್ಲಿ ಬೇಕಂತಲೇ ರೇಡಿಯೋ ಸದ್ದು ಕಡಿಮೆ ಮಾಡಿದ.

"ನಡುವಿನ ಮಗನ ಹುಡುಗ ಮೆಟ್ಟಿಲ ಮೇಲಿಂದ ಬಿದ್ದ," ಎಂದರು ಗಾರ್ಡ್ ಸಾಹೇಬರು ಕನ್ನಡಿಯನ್ನು ನೋಡುತ್ತ. "ಕೈ ಮುರೀತು. ನಿಜವಾದ ಕೈ, ನಿಜವಾದ ಮೂಳೆ."

ಯಾವ ಕೈ ಎಂದು ಅವನು ಕೇಳಿದ. ಎಡಗೈ ಎಂದರು. ಎಲ್ಲಿ ಪಟ್ಟಿ ಹಾಕಿಸಿದಿರಿ, ಎಷ್ಟು ದಿನ ಬೇಕಂತೆ ಎಂದು ಕೇಳಿದ. ಅದಕ್ಕೂ ಹೇಳಿದರು. ಹೋಗುವಾಗ ಮನೆಯವಳು ಹೇಗಿದ್ದಾಳೆ ಎಂದು ಬಾಗಿಲ ಕಡೆ ನೋಡುತ್ತ ವಿಚಾರಿಸಿದರು.

ಆ ಸಂಜೆ ಅವನು ಸುದ್ದಿಯನ್ನು ಮನೆಗೆ ತಂದ. ಹುಡುಗ ಅತ್ತನೇ, ಶಾಲೆಗೆ ಹೋಗುತ್ತಾನೆಯೇ, ಅಜ್ಜಿ ಏನೆಂದರು ಎಂದು ಅವಳು ಒಂದರ ಮೇಲೊಂದು ಕೇಳಿದಳು. ಅವನು ಗೊತ್ತಿದ್ದಷ್ಟನ್ನು ಹೇಳಿದ. ಉಳಿದದ್ದನ್ನು ಮುಂದಿನ ಗುರುವಾರ ಕೇಳಿಕೊಂಡು ಬರುತ್ತೇನೆ ಎಂದ.