ಸಿನಿಮಾ ತೋರಿಸದ ತಾಯಿ

ಬೀದಿ ತಿರುವಿನ ಲಾಂಡ್ರಿಯಲ್ಲಿ ಒಂದು ಗುಟ್ಟಿತ್ತು. ಕಣ್ಣಿದ್ದವರಿಗೆಲ್ಲ ಕಾಣುವ ಗುಟ್ಟು! ಲಾಂಡ್ರಿಯಾಕೆ, ಅವಳ ಗಂಡ ಇಬ್ಬರೂ ಬಿಳಿಯರು, ನೇರ ಕೂದಲಿನವರು. ಮಗಳು ಚೂಟಿಯದು ಕಪ್ಪು ಮೈ, ಬಿಗಿಯಾದ ಗುಂಗುರು ಕೂದಲು. ಎಂಟು ತಿಂಗಳ ಕೂಸಾಗಿದ್ದಾಗ ಕಾನೂನಿನ ಪ್ರಕಾರ ದತ್ತು ತಂದ ಮಗು. ಬೀದಿಗೆಲ್ಲ ಗೊತ್ತಿದ್ದ ಈ ಸಂಗತಿ ಚೂಟಿಗೊಬ್ಬಳಿಗೆ ಗೊತ್ತಿಲ್ಲವೆಂದು ಮನೆಯವರು ನಂಬಿಕೊಂಡಿದ್ದರು. ನಾನೇಕೆ ಹೀಗೆ ಎಂದು ಅವಳು ಕೇಳಿದಾಗಲೆಲ್ಲ ಅಜ್ಜಿ, ತನ್ನ ಮುತ್ತಜ್ಜಿಯೂ ಹೀಗೇ ಇದ್ದಳೆಂದು ಬಾಯಿ ಮುಚ್ಚಿಸುತ್ತಿದ್ದಳು. ಪುಣ್ಯಕ್ಕೆ ಆ ಮುತ್ತಜ್ಜಿಯ ಫೋಟೋ ಒಂದೂ ಉಳಿದಿರಲಿಲ್ಲ.

ಹೀಗಿರುವಾಗ ಆ ಸಿನಿಮಾ ಬಂತು. ಶಾಲೆಯವರೇ ಮಕ್ಕಳನ್ನು ಕರೆದೊಯ್ದು ತೋರಿಸಿದರು. ಅದರಲ್ಲಿ ಡ್ರಗ್ಸ್ ಚಟಕ್ಕೆ ಬಿದ್ದ ಕಪ್ಪು ತಾಯಿಯೊಬ್ಬಳು ಮಗುವನ್ನು ಬಸ್ ನಿಲ್ದಾಣದಲ್ಲಿ ಬಿಟ್ಟು ಹೋಗುತ್ತಾಳೆ. ಬಿಳಿಯ ದಂಪತಿ ಅದನ್ನು ಸಾಕುತ್ತಾರೆ. ಹೆತ್ತವಳು ಮತ್ತೆ ತೆರೆಯ ಮೇಲೆ ಬರುವುದೇ ಇಲ್ಲ.

ಹನ್ನೊಂದರ ಚೂಟಿ ನೇರವಾಗಿ ಬಂದು ಇಸ್ತ್ರಿ ಮೇಜಿನ ಮುಂದೆ ನಿಂತಳು. "ಅಮ್ಮಾ, ನಾನೂ ಹಾಗೇ ಬಂದವಳಾ? ನನ್ನ ಹೆತ್ತವಳೂ ಅಂಥವಳಾ? ಹಾಗಿದ್ರೆ ದೊಡ್ಡವಳಾದ್ಮೇಲೆ ನಾನೂ ಹಾಳಾಗ್ತೀನಾ?"

ಲಾಂಡ್ರಿಯಾಕೆ ಇಸ್ತ್ರಿ ಎತ್ತುವುದನ್ನೇ ಮರೆತಳು. ಇಸ್ತ್ರಿಯ ಕೆಳಗೆ ಯಾರದೋ ಅಂಗಿ ಸುಟ್ಟುಹೋಯಿತು. ಹೆತ್ತವಳಿಗೆ ಡ್ರಗ್ಸ್ ಚಟವಿದ್ದದ್ದು ನಿಜವೇ. ಅವಳು ದತ್ತು ಕಚೇರಿಯ ಮೂಲಕ ವರ್ಷಕ್ಕೊಂದು ಕಾಗದ ಬರೆಯುತ್ತಿದ್ದಳು. ಅಷ್ಟನ್ನೂ ಈಕೆ, ಗಿರಾಕಿಗಳು ಬಿಟ್ಟುಹೋದ ಬಟ್ಟೆಗಳ ಕಪಾಟಿನಲ್ಲಿ ಮುಚ್ಚಿಟ್ಟಿದ್ದಳು. ಈಗಲೂ ಏನೋ ಹೇಳಿ ಮಗಳನ್ನು ಒಳಗೆ ಕಳಿಸಿದಳು. ಚೂಟಿ ಊಟ ಬಿಟ್ಟು ಮುಸುಕೆಳೆದು ಮಲಗಿದಳು.

ಮರುದಿನ ವ್ಯಸನ ಬಿಡಿಸುವ ಆಸ್ಪತ್ರೆಯ ನರ್ಸಕ್ಕ ಒಗೆದ ಹೊದಿಕೆಗಳನ್ನು ಒಯ್ಯಲು ಬಂದಾಗ ಲಾಂಡ್ರಿಯಾಕೆ ತಡೆಯಲಾರದೆ ಅತ್ತಳು. ನಿಜ ಹೇಳಿದರೆ ಮಗಳು ಕೈತಪ್ಪಿ ಹೋಗುತ್ತಾಳೆಂಬ ಭಯ ಅವಳದು.

"ಅವಳು ನಿಮ್ಮನ್ನ ಬಿಟ್ಟು ಹೋಗೋಕೆ ಕೇಳ್ತಿಲ್ಲಮ್ಮ," ಎಂದಳು ನರ್ಸಕ್ಕ. "ನಾನು ಕೆಟ್ಟವಳಾ ಅಂತ ಕೇಳ್ತಿದಾಳೆ. ನೀವು ಸುಮ್ಮನಿದ್ರೆ ಹೌದು ಅಂತ್ಲೇ ತಿಳ್ಕೋತಾಳೆ."

ಚಟ ಹತ್ತಿದವರು ನೆಟ್ಟಗಾದದ್ದನ್ನು ತಾನಂತೂ ಕಂಡಿಲ್ಲವೆಂದು ಅಲ್ಲೇ ಕೂತು ಬಟ್ಟೆ ಮಡಚುತ್ತಿದ್ದ ಅಜ್ಜಿ ಮೂತಿ ತಿರುವಿದಳು.

"ಅವರ ಹೊದಿಕೆ ವಾರವಾರ ಒಗೀತೀರಲ್ಲ ಅಜ್ಜಿ, ವಾಸಿಯಾಗಿ ಮನೆಗೆ ಹೋದೋರನ್ನ ನಾನು ಕಂಡಿದೀನಿ. ಸಿನಿಮಾ ಎರಡು ಗಂಟೇಲಿ ಮುಗೀಬೇಕು, ಚಿಕಿತ್ಸೆಗೆ ವರ್ಷಗಳೇ ಬೇಕು. ಅದಕ್ಕೇ ತೋರಿಸಲ್ಲ."

ವ್ಯಸನ ಒಂದು ಕಾಯಿಲೆ, ಅದು ಮೈಬಣ್ಣ ನೋಡಿ ಬರುವುದಿಲ್ಲ, ಆಸ್ಪತ್ರೆಯಲ್ಲಿ ಬಿಳಿಯರೂ ಬೇಕಾದಷ್ಟಿದ್ದಾರೆ ಎಂದು ಅವಳು ಬಿಡಿಸಿ ಹೇಳಿದಳು. ಹೆತ್ತವರಿಗಿದ್ದರೆ ಮಕ್ಕಳು ತುಸು ಹೆಚ್ಚು ಎಚ್ಚರವಾಗಿರಬೇಕು ನಿಜ, ಆದರೆ ಅದು ಹಣೆಬರಹವಲ್ಲ ಎಂದಳು. ಅಜ್ಜಿ ಎದ್ದು ಹೋಗಿ ಕಪಾಟಿನ ಕಾಗದಗಳನ್ನು ತಾನೇ ತಂದು ಸೊಸೆಯ ಮಡಿಲಲ್ಲಿಟ್ಟಳು.

ಅಂದು ಸಂಜೆ ಲಾಂಡ್ರಿಯಾಕೆ ಮಗಳನ್ನು ತಬ್ಬಿಕೊಂಡು ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ಇಬ್ಬರೂ ಕಾಗದಗಳನ್ನು ಒಂದೊಂದಾಗಿ ಓದಿದರು. ಹೆತ್ತವಳು ಚಿಕಿತ್ಸೆ ಪಡೆದು ನಾಲ್ಕು ವರ್ಷಗಳಿಂದ ಡ್ರಗ್ಸ್ ಮುಟ್ಟಿರಲಿಲ್ಲ, ಬೇಕರಿಯೊಂದರಲ್ಲಿ ಕೆಲಸಕ್ಕಿದ್ದಳು.

ತಿಂಗಳ ಬಳಿಕ ದತ್ತು ಕಚೇರಿಯಲ್ಲಿ ಹೆತ್ತವಳ ಭೇಟಿಯಾಯಿತು. ನನ್ನನ್ನು ಯಾಕೆ ಬಿಟ್ಟೆ ಎಂದು ಚೂಟಿ ಕೇಳಿಯೇಬಿಟ್ಟಳು.

"ಆಗ ನನ್ನನ್ನ ನೋಡ್ಕೊಳ್ಳೋಕೂ ನನ್ನ ಕೈಲಿ ಆಗ್ತಿರಲಿಲ್ಲ ಕಂದಾ," ಎಂದಳು ಆಕೆ. "ನೀನಾದ್ರೂ ಚೆನ್ನಾಗಿರಲಿ ಅಂತ ನಾನೇ ಈ ಕಚೇರಿಗೆ ಬಂದು ಒಪ್ಪಿಸಿದೆ."

ಚೂಟಿ ಒಂದು ಕೈಯಲ್ಲಿ ಅವಳ ಕೈ ಹಿಡಿದಳು. ಇನ್ನೊಂದು ಕೈ ಲಾಂಡ್ರಿಯಾಕೆಯ ಸೆರಗನ್ನು ಬಿಡಲೇ ಇಲ್ಲ. ಸಾಕಿದ ಆ ತಾಯಿಯ ಎದೆಯ ಭಾರವೆಲ್ಲ ಇಳಿದುಹೋಯಿತು.

ಮುಂದೆ ಟೀಚರು ಸಿನಿಮಾದ ಬಗ್ಗೆ ತರಗತಿಯಲ್ಲಿ ಕೇಳಿದಾಗ ಮೊದಲು ಎದ್ದವಳು ಚೂಟಿ. "ಅದು ಪೂರ್ತಿ ಕಥೆ ಅಲ್ಲ ಟೀಚರ್. ನನ್ನ ಹೆತ್ತಮ್ಮ ವಾಸಿಯಾಗಿದಾಳೆ. ನನ್ನ ಸಾಕಿದಮ್ಮ ನಂಗೆ ಎಲ್ಲಾ ಹೇಳಿದಾಳೆ. ನಾನು ಇಬ್ಬರ ಮಗಳೂ ಹೌದು." ತರಗತಿಯೆಲ್ಲ ಚಪ್ಪಾಳೆ ತಟ್ಟಿತು.

ಓದುತ್ತಿರುವ ಅಕ್ಕ, ಅಣ್ಣ, ದತ್ತು ಮಗುವಿಗೆ ನಿಜವನ್ನು ಚಿಕ್ಕಂದಿನಿಂದಲೇ, ಪ್ರೀತಿಯಿಂದ, ನಿಮ್ಮ ಬಾಯಿಂದಲೇ ಹೇಳಿ. ಮನೆಯಲ್ಲಿ ಯಾರಿಗಾದರೂ ಡ್ರಗ್ಸ್ ಚಟವಿದ್ದರೆ ಬೈದು ಹೊರಗಟ್ಟಬೇಡಿ, ಹತ್ತಿರದ ಆಸ್ಪತ್ರೆಗೆ ನೀವೇ ಕೈಹಿಡಿದು ಕರೆದೊಯ್ಯಿರಿ. ಅವರ ಮಕ್ಕಳೂ ಕಾಯುತ್ತಿರುತ್ತಾರೆ.